ಓದಿಸಿ ಕೇಳಿ ಒಪ್ಪಿ

ನಮ್ಮ ಸೀಮೆಯ ಹಳೆಯ ಕ್ರಯಪತ್ರಗಳ ಕೊನೆಯಲ್ಲಿ ಒಂದು ಒಕ್ಕಣೆ ಸಾಮಾನ್ಯವಾಗಿ ಕಾಣುತ್ತದೆ: ‘ಓದಿಸಿ ಕೇಳಿ ಒಪ್ಪಿ ಹಾಕಿದ ರುಜು’. ಅಕ್ಷರವರಿಯದ ರೈತನೂ ಎರಡೆಕರೆ ಎರೆಹೊಲವನ್ನು ಮಾರುವಾಗ ಪತ್ರವನ್ನು ಮೊದಲಿನಿಂದ ಕೊನೆಯವರೆಗೆ ಓದಿಸುತ್ತಾನೆ. ಚೆಕ್ಕುಬಂದಿಯಲ್ಲಿ ಒಂದು ದಿಕ್ಕು ತಪ್ಪಿದ್ದರೂ ಹೆಬ್ಬೆಟ್ಟು ಒತ್ತುವುದಿಲ್ಲ. ಅದೇ ರೈತನು ಹೆಂಡತಿಯನ್ನು ದೊಡ್ಡಾಸ್ಪತ್ರೆಗೆ ಕರೆದೊಯ್ದಾಗ, ನಾಲ್ಕೈದು ಪುಟಗಳನ್ನು ಮುಂದಿಟ್ಟು ‘ಇಲ್ಲಿ, ಇಲ್ಲಿ’ ಎಂದು ಬೆರಳು ತೋರಿಸಿದೊಡನೆ ಸಹಿ ಹಾಕಿಬಿಡುತ್ತಾನೆ. ಹೊಲದ ವಿಷಯದಲ್ಲಿರುವ ಎಚ್ಚರ ದೇಹದ ವಿಷಯದಲ್ಲಿ ನಮಗಿಲ್ಲ.

ಈ ಅಂಕಣವು ಸಾಮಾನ್ಯವಾಗಿ ಅಡಂಗಲ್, ವಾರಸುದಾರಿಕೆ, ಶಾಲಾ ಪ್ರಮಾಣಪತ್ರಗಳ ಸುತ್ತ ತಿರುಗುವಂಥದು. ಈ ವಾರ ಕ್ಯಾನ್ಸರ್ ಕುರಿತು ಬರೆಯುವುದಕ್ಕೆ ಕಾರಣ, ಪಾಲಕರು ಮತ್ತೆ ಮತ್ತೆ ಕೇಳುತ್ತಿರುವ ಎರಡು ಪ್ರಶ್ನೆಗಳು. ಹೆಣ್ಣುಮಕ್ಕಳಿಗೆ ಗರ್ಭಕಂಠದ ಕ್ಯಾನ್ಸರ್ ಬಾರದಂತೆ ಲಸಿಕೆಯೊಂದಿದೆಯಂತೆ, ಹಾಕಿಸಬಹುದೇ? ಮನೆಯಲ್ಲಿ ಯಾರಿಗಾದರೂ ಈ ರೋಗ ಬಂದರೆ ಹೊಸ ಔಷಧಗಳು ನಮ್ಮಂಥವರಿಗೆ ಎಟುಕುವವೇ? ವೈದ್ಯರು ಹೇಳಬೇಕಾದುದನ್ನು ವೈದ್ಯರೇ ಹೇಳಲಿ. ಆದರೆ ಈ ಎರಡೂ ಪ್ರಶ್ನೆಗಳ ಉತ್ತರದಲ್ಲಿ ಕಾನೂನಿನ ಪಾಲು ಸಣ್ಣದಲ್ಲ.

ಮೊದಲು ಲಸಿಕೆಯ ಮಾತು. ಗರ್ಭಕಂಠದ ಕ್ಯಾನ್ಸರ್ ಬಹುತೇಕ ಎಚ್‌ಪಿವಿ ಎಂಬ ವೈರಾಣುವಿನಿಂದ ಬರುತ್ತದೆ. ಇದನ್ನು ತೋರಿಸಿಕೊಟ್ಟ ಜರ್ಮನಿಯ ವಿಜ್ಞಾನಿ ಹೆರಾಲ್ಡ್ ಜುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ವೈರಾಣು ದೇಹವನ್ನು ಹೊಕ್ಕು, ಅಲ್ಲಿಯೇ ನೆಲೆನಿಂತು, ಕ್ಯಾನ್ಸರ್ ಆಗಿ ಮಾರ್ಪಡಲು ಸಾಮಾನ್ಯವಾಗಿ ಹತ್ತು ಹದಿನೈದು ವರ್ಷಗಳೇ ಬೇಕು. ಆದ್ದರಿಂದ 9ರಿಂದ 14ರ ವಯಸ್ಸಿನಲ್ಲಿ ಲಸಿಕೆ ಹಾಕಿಸಿದರೆ ಹೆಚ್ಚಿನ ಫಲ. ದೊಡ್ಡವರಾದ ಮೇಲೆ ತಪಾಸಣೆ ಮಾಡಿಸಿಕೊಂಡರೆ ರೋಗವನ್ನು ಮೊಳಕೆಯಲ್ಲಿಯೇ ಹಿಡಿಯಬಹುದು. ಪುಣೆಯ ಸೀರಂ ಸಂಸ್ಥೆ ತಯಾರಿಸಿದ ‘ಸರ್ವಾವ್ಯಾಕ್’ ಲಸಿಕೆಗೆ 2022ರಲ್ಲಿ ನಮ್ಮ ದೇಶದ ಔಷಧ ನಿಯಂತ್ರಕರ ಅನುಮತಿ ದೊರೆಯಿತು. ಒಂದು ಅಥವಾ ಎರಡು ಚುಚ್ಚುಮದ್ದು ಸಾಕೆಂದು ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆ ಹೇಳಿತು.

ಒಂದೇ ಚುಚ್ಚುಮದ್ದು ಸಾಕೆಂಬ ಅರಿವು ಬಂದ ಬಗೆಯನ್ನು ಆಂಧ್ರದಲ್ಲಿರುವ ನಾವು ತಿಳಿದಿರಲೇಬೇಕು. 2009ರಲ್ಲಿ, ಆಗಿನ ಅವಿಭಜಿತ ಆಂಧ್ರಪ್ರದೇಶದ ಖಮ್ಮಂ ಜಿಲ್ಲೆಯಲ್ಲಿ, ವಿದೇಶೀ ಸಂಸ್ಥೆಯೊಂದರ ಯೋಜನೆಯಡಿ ಸಾವಿರಾರು ಶಾಲಾ ಬಾಲಕಿಯರಿಗೆ ಈ ಲಸಿಕೆ ಹಾಕಲಾಯಿತು. ಕೆಲವು ತಿಂಗಳುಗಳಲ್ಲಿ ಕೆಲವು ಬಾಲಕಿಯರು ತೀರಿಕೊಂಡ ಸುದ್ದಿ ಹಬ್ಬಿ, 2010ರ ಏಪ್ರಿಲ್‌ನಲ್ಲಿ ಯೋಜನೆಯನ್ನು ನಿಲ್ಲಿಸಲಾಯಿತು. ಆ ಸಾವುಗಳಿಗೆ ಲಸಿಕೆ ಕಾರಣವೆಂದು ವಿಚಾರಣೆಯಲ್ಲಿ ಕಂಡುಬರಲಿಲ್ಲ. ಆದರೆ ಬೇರೊಂದು ಸಂಗತಿ ಹೊರಬಿತ್ತು. ಹಲವೆಡೆ ತಂದೆತಾಯಿಗಳು ಹಾಕಬೇಕಾದ ಸಹಿಯನ್ನು ವಸತಿನಿಲಯದ ವಾರ್ಡನ್‌ಗಳೂ ಮುಖ್ಯೋಪಾಧ್ಯಾಯರೂ ಹಾಕಿದ್ದರು. ಎಷ್ಟೋ ಕುಟುಂಬಗಳಿಗೆ ತಮ್ಮ ಮಗುವಿಗೆ ಯಾವ ಲಸಿಕೆ, ಏಕೆ ಹಾಕಿದರೆಂಬುದೇ ತಿಳಿದಿರಲಿಲ್ಲ. 2013ರಲ್ಲಿ ಸಂಸದೀಯ ಸ್ಥಾಯೀ ಸಮಿತಿ ಇದನ್ನು ಕಟುವಾಗಿ ಖಂಡಿಸಿತು.

ಅದೇ ಕಾಲದಲ್ಲಿ ದೇಶದ ಬೇರೆ ಬೇರೆ ಕೇಂದ್ರಗಳಲ್ಲಿ ಇನ್ನೊಂದು ಅಧ್ಯಯನ ನಡೆದಿತ್ತು. ಎರಡು ಚುಚ್ಚುಮದ್ದು ಸಾಕೇ, ಮೂರು ಬೇಕೇ ಎಂದು ತಿಳಿಯುವುದು ಅದರ ಉದ್ದೇಶ. ಖಮ್ಮಂನ ಗದ್ದಲದಿಂದ ಆ ಅಧ್ಯಯನದ ಲಸಿಕೆಯೂ ನಡುವೆ ನಿಂತಿತು. ಸುಮಾರು 5000 ಬಾಲಕಿಯರಿಗೆ ಒಂದೇ ಚುಚ್ಚುಮದ್ದು ಸಿಕ್ಕಂತಾಯಿತು. ಸಂಶೋಧಕರು ಅವರನ್ನು ಕೈಬಿಡದೆ ಹತ್ತು ವರ್ಷ ಗಮನಿಸಿದರು. 2021ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಎಚ್‌ಪಿವಿಯ 16 ಮತ್ತು 18ನೆಯ ಬಗೆಗಳ ಸೋಂಕು ದೇಹದಲ್ಲಿ ನೆಲೆಯೂರುವುದನ್ನು ತಡೆಯುವಲ್ಲಿ ಒಂದು ಚುಚ್ಚುಮದ್ದಿನ ಫಲ ಶೇಕಡ 95ರಷ್ಟಿತ್ತು. ಎರಡು ಮೂರು ಪಡೆದವರಲ್ಲಿಯೂ ಹೆಚ್ಚುಕಡಿಮೆ ಅಷ್ಟೇ. ಜಗತ್ತಿನ ಬಡ ದೇಶಗಳು ಒಂದೇ ಚುಚ್ಚುಮದ್ದಿನ ದಾರಿ ಹಿಡಿಯಲು ಇದೊಂದು ಮುಖ್ಯ ಆಧಾರವಾಯಿತು.

ಇದರಿಂದ ಪಾಲಕರು ಕಲಿಯಬೇಕಾದುದೇನು? ಲಸಿಕೆಗೆ ಹೆದರಬೇಕಾಗಿಲ್ಲ, ಬೇರೆಯವರು ಹಾಕುವ ಸಹಿಗೆ ಹೆದರಬೇಕು. ಶಾಲೆಯಿಂದ ಒಪ್ಪಿಗೆ ಪತ್ರ ಬಂದಾಗ ಅದನ್ನು ಓದಿ, ತಿಳಿಯದಿದ್ದುದನ್ನು ಎ.ಎನ್.ಎಂ. ಅವರನ್ನು ಕೇಳಿ, ತಾಯಿಯೋ ತಂದೆಯೋ ಸ್ವತಃ ಸಹಿ ಹಾಕಬೇಕು. ಮುಖ್ಯೋಪಾಧ್ಯಾಯರು ಎಷ್ಟೇ ಒಳ್ಳೆಯವರಾಗಿರಲಿ, ಈ ಸಹಿ ಅವರದಲ್ಲ.

ಲಸಿಕೆಯ ವಯಸ್ಸು ಮೀರಿದ ತಾಯಂದಿರ ಗತಿಯೇನು? ಇದಕ್ಕೆ ಉತ್ತರ ಕರ್ನಾಟಕದ ಗಡಿಗೆ ಅಂಟಿಕೊಂಡ, ಈಗ ಧಾರಾಶಿವ ಎನಿಸಿಕೊಂಡಿರುವ ಉಸ್ಮಾನಾಬಾದ್ ಜಿಲ್ಲೆಯಿಂದ ಬಂದಿದೆ. ಅಲ್ಲಿ 30ರಿಂದ 59 ವಯಸ್ಸಿನ 1,31,746 ಗ್ರಾಮೀಣ ಮಹಿಳೆಯರ ನಡುವೆ ಡಾ. ಆರ್. ಶಂಕರನಾರಾಯಣನ್ ಮತ್ತು ಸಂಗಡಿಗರು ನಡೆಸಿದ ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಜೀವಮಾನದಲ್ಲಿ ಒಂದೇ ಒಂದು ಬಾರಿ ಎಚ್‌ಪಿವಿ ಪರೀಕ್ಷೆ ಮಾಡಿ, ದೋಷ ಕಂಡವರಿಗೆ ಚಿಕಿತ್ಸೆ ಕೊಟ್ಟ ಹಳ್ಳಿಗಳಲ್ಲಿ, ಗರ್ಭಕಂಠದ ಕ್ಯಾನ್ಸರಿನಿಂದಾಗುವ ಸಾವು ಎಂಟು ವರ್ಷಗಳಲ್ಲಿ ಸುಮಾರು ಅರ್ಧಕ್ಕೆ ಇಳಿದಿತ್ತು. ಹತ್ತಿ ಬಿಡಿಸುವ, ಜೋಳ ಕೊಯ್ಯುವ, ನಮ್ಮಂಥದೇ ಹೆಂಗಸರು ಅವರು. ಆಶಾ ಕಾರ್ಯಕರ್ತೆ ತಪಾಸಣೆಗೆ ಕರೆದಾಗ ‘ನನಗೇನಾಗಿದೆ’ ಎಂದು ಬಾಗಿಲು ಮುಚ್ಚುವ ಮುನ್ನ ಈ ಲೆಕ್ಕವನ್ನು ನೆನೆಯಬೇಕು.

ಗಂಡಸರ ಮಾತಿಗೆ ಬರೋಣ. ಗುಟ್ಕಾ, ತಂಬಾಕು, ಅಡಿಕೆ ನಮ್ಮ ಹಳ್ಳಿಗಳಲ್ಲಿ ಬಾಯಿಯ ಕ್ಯಾನ್ಸರನ್ನು ಬಿತ್ತುತ್ತಿವೆ. ಬಾಯಿಯಲ್ಲಿ ಮೂರು ವಾರವಾದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ಬಾಯಿ ಪೂರ್ತಿ ತೆರೆಯಲಾರದ ಬಿಗಿತ ಕಂಡರೆ ತಡಮಾಡಬಾರದು. ಆರಂಭದ ಹಂತದಲ್ಲಿ ಬಂದವರಿಗೆ ಗಡ್ಡೆಯೊಡನೆ ಕುತ್ತಿಗೆಯ ಗ್ರಂಥಿಗಳನ್ನೂ ಅದೇ ಶಸ್ತ್ರಕ್ರಿಯೆಯಲ್ಲಿ ತೆಗೆದರೆ ಒಳಿತೆಂದು ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯ ಡಾ. ಅನಿಲ್ ಡಿ’ಕ್ರೂಜ್ ಮತ್ತು ಸಂಗಡಿಗರು 2015ರಲ್ಲಿ ತೋರಿಸಿದರು. ಹಾಗೆ ಮಾಡಿಸಿಕೊಂಡವರಲ್ಲಿ ಮೂರು ವರ್ಷಗಳ ಬಳಿಕ ಬದುಕಿದ್ದವರು ಶೇಕಡ 80. ಗ್ರಂಥಿ ಊದಿದ ಮೇಲೆ ನೋಡೋಣವೆಂದು ಕಾದವರಲ್ಲಿ ಶೇಕಡ 67.5.

ರೋಗ ಮುಂದುವರಿದವರಿಗೂ ಸ್ವಲ್ಪ ಬೆಳಕು ಕಂಡಿದೆ. ದೇಹದ ರಕ್ಷಣಾ ಶಕ್ತಿಯನ್ನೇ ಎಬ್ಬಿಸಿ ಕ್ಯಾನ್ಸರಿನ ಮೇಲೆ ಬಿಡುವ ನಿವೊಲುಮ್ಯಾಬ್ ಎಂಬ ಔಷಧವಿದೆ. ಅದರ ಪೂರ್ಣ ಪ್ರಮಾಣದ ಬೆಲೆ ಸಾಮಾನ್ಯರಿಗೆ ಗಗನಕುಸುಮ. ಟಾಟಾ ಸ್ಮಾರಕದ ವೈದ್ಯರು ಮೂರು ವಾರಕ್ಕೊಮ್ಮೆ ಕೇವಲ 20 ಮಿಲಿಗ್ರಾಂ, ಅಂದರೆ ರೂಢಿಯ ಪ್ರಮಾಣದ ಹತ್ತನೆಯ ಒಂದು ಪಾಲಿಗೂ ಕಡಿಮೆ ಔಷಧವನ್ನು, ಬಾಯಿಂದ ನುಂಗುವ ಅಗ್ಗದ ಮಾತ್ರೆಗಳೊಡನೆ ಕೊಟ್ಟು ನೋಡಿದರು. ತಲೆ ಮತ್ತು ಕುತ್ತಿಗೆಯ ಮುಂದುವರಿದ ಕ್ಯಾನ್ಸರ್ ಇದ್ದ 151 ರೋಗಿಗಳಲ್ಲಿ, ಬರಿಯ ಮಾತ್ರೆ ಪಡೆದವರ ಪೈಕಿ ಒಂದು ವರ್ಷದ ಬಳಿಕ ಬದುಕಿದ್ದವರು ಶೇಕಡ 16. ಇದನ್ನೂ ಸೇರಿಸಿ ಪಡೆದವರ ಪೈಕಿ ಶೇಕಡ 43. ರೋಗ ಪೂರ್ತಿ ವಾಸಿಯಾಯಿತೆಂದು ಇದರ ಅರ್ಥವಲ್ಲ. ಆದರೆ ಬಡವನ ಲೆಕ್ಕಕ್ಕೆ ಹೊಂದುವ ಸಂಶೋಧನೆ ನಮ್ಮ ದೇಶದಲ್ಲಿಯೇ ನಡೆಯುತ್ತಿದೆಯೆಂಬುದು ಸಮಾಧಾನದ ಸಂಗತಿ. ರೋಗಿಯ ರಕ್ತದ ಕಣಗಳನ್ನೇ ಹೊರತೆಗೆದು, ತಿದ್ದಿ, ಮರಳಿಸುವ ಕಾರ್-ಟಿ ಚಿಕಿತ್ಸೆಯನ್ನೂ ಮುಂಬಯಿಯ ಐಐಟಿ ಮತ್ತು ಟಾಟಾ ಸ್ಮಾರಕ ಕೂಡಿ ರೂಪಿಸಿವೆ; 2023ರಲ್ಲಿ ಕೆಲವು ಬಗೆಯ ರಕ್ತದ ಕ್ಯಾನ್ಸರಿಗೆ ಅದಕ್ಕೆ ಅನುಮತಿ ದೊರೆಯಿತು.

ಔಷಧದ ಬೆಲೆಯನ್ನು ಇಳಿಸುವಲ್ಲಿ ನ್ಯಾಯಾಲಯಗಳ ಪಾತ್ರವೂ ಇದೆ. ಯಕೃತ್ತು ಮತ್ತು ಮೂತ್ರಪಿಂಡದ ಕ್ಯಾನ್ಸರಿಗೆ ಕೊಡುವ ಸೊರಾಫೆನಿಬ್ ಮಾತ್ರೆಗೆ ಒಂದು ತಿಂಗಳಿಗೆ ಸುಮಾರು 2,80,000 ರೂಪಾಯಿ ಆಗುತ್ತಿತ್ತು. ಪೇಟೆಂಟ್ ಕಾಯಿದೆಯ ಕಡ್ಡಾಯ ಪರವಾನಗಿಯನ್ನು 2012ರ ಮಾರ್ಚ್‌ನಲ್ಲಿ ಹೈದರಾಬಾದಿನ ನ್ಯಾಟ್ಕೋ ಕಂಪನಿಗೆ ಕೊಟ್ಟ ಮೇಲೆ ಅದೇ ಔಷಧ 8,880 ರೂಪಾಯಿಗೆ ಸಿಗುವಂತಾಯಿತು. ಮರುವರ್ಷ ಏಪ್ರಿಲ್ 1ರಂದು, ರಕ್ತದ ಕ್ಯಾನ್ಸರಿನ ಗ್ಲಿವೆಕ್ ಔಷಧಕ್ಕೆ ಪೇಟೆಂಟ್ ಕೊಡಲಾಗದೆಂದು ಸುಪ್ರೀಂ ಕೋರ್ಟು ತೀರ್ಪಿತ್ತಿತು. ಇಮಾಟಿನಿಬ್ ಎಂಬ ಹೆಸರಿನಲ್ಲಿ ಆ ಮಾತ್ರೆಯನ್ನು ಇಂದು ಸಾವಿರಾರು ಬಡವರು ನುಂಗಿ ದುಡಿದುಣ್ಣುತ್ತಿದ್ದಾರೆ.

ಔಷಧವಿದೆ, ಬೆಲೆಯೂ ಇಳಿದಿದೆ. ಆದರೂ ರೋಗಿಯ ಮತ್ತು ಚಿಕಿತ್ಸೆಯ ನಡುವೆ ನಮ್ಮ ಭಾಗದಲ್ಲಿ ಎರಡು ಹಳ್ಳಗಳು ಉಳಿದಿವೆ.

ಒಂದು, ಸುಗ್ಗಿ. ಕೋಸಿಗಿ, ಕೌತಾಳಂ, ಮಂತ್ರಾಲಯದ ಕಡೆಯ ಕುಟುಂಬಗಳು ಮೆಣಸಿನಕಾಯಿ, ಹತ್ತಿಯ ಕೆಲಸಕ್ಕೆ ಗುಂಟೂರಿನ ದಾರಿ ಹಿಡಿಯುತ್ತವೆ. ಜನ ‘ಕರೆಂಟು ಕೊಡುವುದು’ ಎನ್ನುವ ವಿಕಿರಣ ಚಿಕಿತ್ಸೆಯಾದರೋ ವಾರಕ್ಕೆ ಐದು ದಿನದಂತೆ ಐದಾರು ವಾರ ಬಿಡದೆ ನಡೆಯಬೇಕು. ನಡುವೆ ಬಿಟ್ಟು ಸುಗ್ಗಿ ಮುಗಿಸಿ ಬಂದರೆ ರೋಗ ಮತ್ತೆ ಚಿಗುರಿರುತ್ತದೆ. ಕರ್ನೂಲು ವೈದ್ಯಕೀಯ ಕಾಲೇಜಿನ ಆವರಣದಲ್ಲಿ ರಾಜ್ಯ ಕ್ಯಾನ್ಸರ್ ಸಂಸ್ಥೆ ತಲೆಯೆತ್ತಿದೆ. 2007ರಲ್ಲಿ ಆರೋಗ್ಯಶ್ರೀ ಎಂದು ಆರಂಭವಾಗಿ ಈಗ ಎನ್.ಟಿ.ಆರ್. ವೈದ್ಯಸೇವೆ ಎನಿಸಿರುವ ಯೋಜನೆಯಲ್ಲಿ ಕ್ಯಾನ್ಸರ್ ಚಿಕಿತ್ಸೆ ಸೇರಿದೆ. ಚಿಕಿತ್ಸೆಗೆ ಹೋಗಿಬರುವ ಕ್ಯಾನ್ಸರ್ ರೋಗಿಗೂ ಜೊತೆಗಾರನಿಗೂ ರೈಲಿನಲ್ಲಿ ರಿಯಾಯಿತಿಯುಂಟು. ಅದರ ನಮೂನೆಗೆ ಆಸ್ಪತ್ರೆಯ ವೈದ್ಯರ ಸಹಿ ಮತ್ತು ಮೊಹರು ಪಡೆಯಬೇಕು. ಈ ಅನುಕೂಲಗಳನ್ನೆಲ್ಲ ಮೊದಲೇ ವಿಚಾರಿಸಿಕೊಂಡು, ಮನೆಯ ಒಬ್ಬರಾದರೂ ಆ ವರ್ಷ ಊರಲ್ಲಿ ನಿಲ್ಲುವಂತೆ ನಿಶ್ಚಯಿಸಿಕೊಳ್ಳಬೇಕು. ‘ಒಂದೇ ವಾರದಲ್ಲಿ ಗಡ್ಡೆ ಕರಗಿಸುತ್ತೇವೆ’ ಎಂಬ ಗೋಡೆಬರಹವನ್ನು ನಂಬಿ ಆ ಹಣವನ್ನು ಕಳೆಯಬಾರದು. ಕ್ಯಾನ್ಸರ್ ಗುಣಪಡಿಸುತ್ತೇವೆಂದು ಔಷಧದ ಜಾಹೀರಾತು ಕೊಡುವುದು 1954ರ ಕಾಯಿದೆಯಂತೆ ಅಪರಾಧ.

ಎರಡನೆಯದು, ಭಾಷೆ. 1953ರ ಅಕ್ಟೋಬರ್ 1ರಂದು ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರ ರಾಜ್ಯಕ್ಕೆ ಸೇರಿದವು. ಅಂದಿನಿಂದ ನಮ್ಮ ಅನೇಕ ಮನೆಗಳಲ್ಲಿ ಅಳುವುದು ನಗುವುದು ಕನ್ನಡದಲ್ಲಿ, ಆಸ್ಪತ್ರೆಯ ಮಾತು ತೆಲುಗಿನಲ್ಲಿ, ಆಸ್ಪತ್ರೆಯ ಕಾಗದ ಇಂಗ್ಲಿಷಿನಲ್ಲಿ. ಸಂತೆಯ ತೆಲುಗು ನಮಗೆಲ್ಲ ಬರುತ್ತದೆ. ಆದರೆ ‘ಗರ್ಭಕೋಶ ತೆಗೆದರೆ ಏನಾಗುತ್ತದೆ, ತೆಗೆಯದಿದ್ದರೆ ಏನಾಗುತ್ತದೆ’ ಎಂಬುದನ್ನು ಸಂತೆಯ ಭಾಷೆಯಲ್ಲಿ ಕೇಳಿ ತಿಳಿಯುವುದು ಕಷ್ಟ.

ಇಲ್ಲಿ ಕಾನೂನು ರೋಗಿಯ ಪರವಾಗಿ ನಿಂತಿದೆ. 2008ರ ಜನವರಿ 16ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿತು: ಚಿಕಿತ್ಸೆಯ ಸ್ವರೂಪ, ಲಾಭ, ಅಪಾಯ, ಬೇರೆ ದಾರಿಗಳು, ಚಿಕಿತ್ಸೆ ಬೇಡವೆಂದರೆ ಆಗುವ ಪರಿಣಾಮ, ಇಷ್ಟನ್ನೂ ತಿಳಿಸಿ ಪಡೆದುದೇ ನಿಜವಾದ ಒಪ್ಪಿಗೆ. ಆ ಪ್ರಕರಣದಲ್ಲಿ ಪರೀಕ್ಷೆಗೆಂದು ಅರಿವಳಿಕೆ ಪಡೆದಿದ್ದ ಮಹಿಳೆಯ ಗರ್ಭಕೋಶವನ್ನು ಆಕೆಯ ತಾಯಿಯ ಒಪ್ಪಿಗೆಯ ಮೇಲೆ ತೆಗೆದುಬಿಟ್ಟಿದ್ದರು. ವಯಸ್ಕಳೂ ಬುದ್ಧಿ ಸ್ವಾಧೀನದಲ್ಲಿರುವವಳೂ ಆದ ರೋಗಿಯ ಪರವಾಗಿ, ಪ್ರಾಣಾಪಾಯದ ತುರ್ತು ಇಲ್ಲದಾಗ, ಹೆತ್ತ ತಾಯಿಯ ಸಹಿಯೂ ಸಲ್ಲದೆಂದು ಕೋರ್ಟು ಹೇಳಿತು. ಗಂಡನಾಗಲಿ ಮಗನಾಗಲಿ ಹಾಕುವ ಸಹಿಗೂ ಇದೇ ನ್ಯಾಯ. ಹೊಸ ಔಷಧದ ಪ್ರಯೋಗಕ್ಕೆ ಸೇರಿಸಿಕೊಳ್ಳುವುದಾದರೆ, 2019ರ ನಿಯಮಗಳ ಪ್ರಕಾರ, ರೋಗಿಗೆ ತಿಳಿಯುವ ಭಾಷೆಯಲ್ಲಿಯೇ ಪತ್ರವಿರಬೇಕು; ಓದುಬರಹ ಬಾರದಿದ್ದರೆ ನಿಷ್ಪಕ್ಷಪಾತಿ ಸಾಕ್ಷಿಯೊಬ್ಬರು ಎದುರಿಗಿರಬೇಕು. ದಾಖಲೆಗಳನ್ನು ಕೇಳಿದರೆ 72 ಗಂಟೆಗಳೊಳಗೆ ಕೊಡಬೇಕೆಂಬುದು 2002ರ ವೈದ್ಯಕೀಯ ನೀತಿಸಂಹಿತೆಯ ನಿಯಮ.

ಕೊನೆಯ ಹಂತದ ನೋವಿಗೂ ಇದೇ ಮಾತು ಸಲ್ಲುತ್ತದೆ. ಮಾರ್ಫಿನ್ ಸುಲಭವಾಗಿ ಸಿಗಲೆಂದು ಸಂಸತ್ತು 2014ರಲ್ಲಿ ಮಾದಕವಸ್ತು ಕಾಯಿದೆಯನ್ನು ತಿದ್ದಿತು. ‘ಇನ್ನೇನೂ ಮಾಡಲಾಗದು’ ಎಂದು ಮನೆಗೆ ಕಳುಹಿಸಿದರೆ, ನೋವು ಶಮನ ಎಲ್ಲಿ ಸಿಗುತ್ತದೆಂದು ಕೇಳಿ ಬರೆಸಿಕೊಳ್ಳಬೇಕು. ಬೆಂಗಳೂರಿನ ಕರುಣಾಶ್ರಯ 1999ರಿಂದ ಇಂಥ ರೋಗಿಗಳನ್ನು ಹಣ ಪಡೆಯದೆ ಆರೈಕೆ ಮಾಡುತ್ತಿದೆ.

ಒಂದು ಮಾತು ಶಾಲಾ ಕುಟುಂಬಗಳಿಗೇ ಮೀಸಲು. ನಮ್ಮ ಎಷ್ಟೋ ಮನೆಗಳಲ್ಲಿ ಕನ್ನಡವನ್ನೂ ತೆಲುಗನ್ನೂ ಓದಬಲ್ಲವರು ಏಳನೆಯದೋ ಎಂಟನೆಯದೋ ತರಗತಿಯ ಮಕ್ಕಳು ಮಾತ್ರ. ಆಸ್ಪತ್ರೆಯಲ್ಲಿ ಅವರನ್ನೇ ಮುಂದೆ ನಿಲ್ಲಿಸಿ ‘ಡಾಕ್ಟರು ಏನಂತಾರೆ ಕೇಳು’ ಎನ್ನುತ್ತೇವೆ. ಹನ್ನೆರಡು ವರ್ಷದ ಹುಡುಗಿ ತನ್ನ ಅವ್ವನ ರೋಗದ ಹೆಸರನ್ನು ತಾನೇ ಅವ್ವನಿಗೆ ಹೇಳಬೇಕಾದ ಸ್ಥಿತಿ ಅದು. ಅವಳು ಹೆದರಿ ಅರ್ಧ ಮಾತನ್ನು ನುಂಗುತ್ತಾಳೆ. ಆ ಅರ್ಧ ಮಾತಿನ ಮೇಲೆಯೇ ದೊಡ್ಡವರು ಸಹಿ ಹಾಕುತ್ತಾರೆ. ಆ ಭಾರ ಮಕ್ಕಳದಲ್ಲ. ಎರಡೂ ಭಾಷೆ ಬಲ್ಲ ನೆಂಟರನ್ನೋ ಊರಿನ ಮೇಷ್ಟ್ರನ್ನೋ ಜೊತೆಗೆ ಕರೆದೊಯ್ಯಿರಿ. ಕಾಗದವನ್ನು ಕನ್ನಡದಲ್ಲಿ ಹೇಳಿಸಿಕೊಂಡ ಮೇಲೆ, ಸಹಿಯ ಮೇಲುಗಡೆ ‘ಕನ್ನಡದಲ್ಲಿ ಓದಿ ತಿಳಿಸಲಾಯಿತು’ ಎಂದು ಬರೆಯಿಸಿ, ಓದಿದವರ ಹೆಸರನ್ನೂ ಹಾಕಿಸಿರಿ. ಒಂದು ಪ್ರತಿಯನ್ನು ಕೇಳಿ ಪಡೆದು, ಪಟ್ಟಾ ಪುಸ್ತಕವಿಡುವ ಪೆಟ್ಟಿಗೆಯಲ್ಲಿ ಅದನ್ನೂ ಇಡಿರಿ.