ಹೀಬ್ರೂ ಶಾಸ್ತ್ರದಲ್ಲಿ ತ್ರಿಯೇಕತತ್ತ್ವವುಂಟೇ?

ತಂದೆ, ಮಗ, ಪವಿತ್ರಾತ್ಮ ಎಂಬ ಮೂವರೂ ಸೇರಿ ಒಬ್ಬನೇ ದೇವರೆಂಬದು ಕ್ರೈಸ್ತಮತದ ತ್ರಿಯೇಕತತ್ತ್ವ. ಈ ತತ್ತ್ವವು ಯೇಸುವಿಗಿಂತ ಎಷ್ಟೋ ಶತಮಾನಗಳ ಹಿಂದೆ ರಚಿತವಾದ ಯೆಹೂದ್ಯರ ಹೀಬ್ರೂ ಶಾಸ್ತ್ರದಲ್ಲಿಯೇ ಅಡಗಿದೆಯೆಂದೂ, ಯೆಹೂದ್ಯರು ಕಣ್ಣಿದ್ದೂ ಅದನ್ನು ಕಾಣದೆ ಹೋದರೆಂದೂ ವಾದಿಸುವವರು ಹಿಂದಿನಿಂದಲೂ ಉಂಟು. ಈ ವಾದವು ಪರೀಕ್ಷೆಗೆ ನಿಲ್ಲತಕ್ಕದ್ದಲ್ಲ. ಇದನ್ನು ಅರಿಯುವದಕ್ಕೆ ಹೀಬ್ರೂ ಭಾಷೆಯ ಪಂಡಿತನೇ ಆಗಬೇಕೆಂದಿಲ್ಲ; ತನ್ನ ಮನೆಯ ಕನ್ನಡವನ್ನು ಕಿವಿಗೊಟ್ಟು ಕೇಳಿದವನಿಗೂ ಅದರ ಮುಖ್ಯ ಯುಕ್ತಿಯ ಟೊಳ್ಳು ತಿಳಿಯುವದು.

ಮೊದಲು ಒಂದು ಮಾತನ್ನು ಸ್ಪಷ್ಟಪಡಿಸುವದು ಅವಶ್ಯ. ಇಲ್ಲಿಯ ಪ್ರಶ್ನೆಯು ತ್ರಿಯೇಕತತ್ತ್ವವು ಸತ್ಯವೋ ಅಸತ್ಯವೋ ಎಂಬದಲ್ಲ. ಗುರು, ಲಿಂಗ, ಜಂಗಮಗಳು ಮೂರಾಗಿಯೂ ಒಂದೇ ಎಂದು ಬಸವನ ಬಾಗೇವಾಡಿಯ ಸೀಮೆಯಲ್ಲಿ ಮಕ್ಕಳೂ ಬಲ್ಲರು. ಸಿಂದಗಿ, ಇಂಡಿ ತಾಲೂಕುಗಳಿಂದ ಭೀಮಾತೀರದ ಗಾಣಗಾಪುರಕ್ಕೆ ಹೋಗುವ ಯಾತ್ರಿಕರಿಗೆ ಮೂರು ಮುಖದ ದತ್ತಾತ್ರೇಯನ ಪಟವು ಹೊಸದಲ್ಲ. ಒಂದರಲ್ಲಿ ಮೂರನ್ನು ಕಾಣುವ ಭಕ್ತಿಗೆ ಕನ್ನಡನಾಡಿನಲ್ಲಿ ಯಾರೂ ನಗುವದಿಲ್ಲ. ಪ್ರಶ್ನೆಯು ಇಷ್ಟೇ: ಹೀಬ್ರೂ ಶಾಸ್ತ್ರವು ಆ ಮಾತನ್ನು ಹೇಳಿದೆಯೋ, ಇಲ್ಲವೋ?

ವಾದಿಗಳು ಮೊದಲು ಹಿಡಿಯುವ ಅಸ್ತ್ರವು ‘ಎಲೋಹೀಮ್’ ಎಂಬ ಶಬ್ದ. ಹೀಬ್ರೂ ಭಾಷೆಯಲ್ಲಿ ದೇವರನ್ನು ಕರೆಯುವ ಈ ಶಬ್ದದ ಕೊನೆಯಲ್ಲಿರುವ ‘ಈಮ್’ ಬಹುವಚನದ ಪ್ರತ್ಯಯ. ಆದಿಕಾಂಡದ ಮೊದಲನೆಯ ವಾಕ್ಯದಲ್ಲಿಯೇ ಕರ್ತೃಪದವಾದ ಎಲೋಹೀಮ್ ಬಹುವಚನರೂಪದಲ್ಲಿದ್ದು, ಸೃಷ್ಟಿಸಿದನೆಂಬ ಅರ್ಥದ ‘ಬಾರಾ’ ಎಂಬ ಕ್ರಿಯಾಪದವು ಏಕವಚನದಲ್ಲಿದೆ. ಕರ್ತೃವು ಅನೇಕ, ಕ್ರಿಯೆಯು ಏಕ; ಆದ್ದರಿಂದ ಅನೇಕರಾಗಿರುವ ಒಬ್ಬ ದೇವರು ಸಿದ್ಧನಾದನೆಂದು ಅವರು ಸಾಧಿಸುವರು.

ಈ ಯುಕ್ತಿಯನ್ನು ಯಂಕಂಚಿಯ ಹೊಲದಲ್ಲಿಟ್ಟು ನೋಡಬೇಕು. ಹಿಂಗಾರಿ ಬಿತ್ತಿಗೆಯ ಹೊತ್ತಿಗೆ ಮಳೆ ತಡವಾದರೆ ಅಲ್ಲಿಯ ರೈತನು ಮುಗಿಲ ಕಡೆಗೆ ನೋಡಿ ‘ದೇವರು ಕೊಡತಾನ’ ಎನ್ನುವನು. ‘ದೇವ’ ಎಂಬದು ಏಕವಚನ. ‘ದೇವರು’ ಎಂಬದು ರೂಪದಿಂದ ಬಹುವಚನ. ‘ಕೊಡತಾನ’ ಎಂಬದು ಏಕವಚನ. ಹೀಬ್ರೂ ಶಾಸ್ತ್ರದ ಮೊದಲನೆಯ ವಾಕ್ಯದ ರಚನೆಯೇ ಅಕ್ಷರಶಃ ಇಲ್ಲಿಯೂ ಇದೆ. ಹಾಗಾದರೆ ಆ ರೈತನು ತನಗರಿಯದೆ ತ್ರಿಯೇಕತತ್ತ್ವವನ್ನು ಸಾರಿದನೆನ್ನಬೇಕೇ? ಗೌರವಕ್ಕಾಗಿ ಒಬ್ಬನನ್ನೇ ಬಹುವಚನದಿಂದ ಕರೆಯುವದು ಭಾಷೆಯ ಮರ್ಯಾದೆ. ಗುರುಗಳು, ಸ್ವಾಮಿಗಳು, ಗೌಡರು ಎಂಬಲ್ಲಿ ತಲೆಗಳನ್ನು ಎಣಿಸುವವರಾರೂ ಇಲ್ಲ.

ಹೀಬ್ರೂ ಭಾಷೆಯಲ್ಲಿಯೂ ಹೀಗೆಯೇ. ವಿಮೋಚನಕಾಂಡದ ಏಳನೆಯ ಅಧ್ಯಾಯದಲ್ಲಿ ಮೋಶೆಯೊಬ್ಬನೇ ಫರೋಹನ ಪಾಲಿಗೆ ‘ಎಲೋಹೀಮ್’ ಆಗುವನು. ನ್ಯಾಯಸ್ಥಾಪಕರ ಗ್ರಂಥದಲ್ಲಿ ಫಿಲಿಷ್ಟಿಯರ ದಾಗೋನನೆಂಬ ಒಂದೇ ವಿಗ್ರಹಕ್ಕೂ ಅದೇ ಶಬ್ದ. ಯೋಸೇಫನ ಒಬ್ಬ ಒಡೆಯನನ್ನು ಆದಿಕಾಂಡದ ಮೂವತ್ತೊಂಬತ್ತನೆಯ ಅಧ್ಯಾಯವು ಬಹುವಚನರೂಪದ ಶಬ್ದದಿಂದಲೇ ಹೇಳುವದು. ದಾಗೋನನು ತ್ರಿಯೇಕನಲ್ಲದಿದ್ದರೆ ಶಬ್ದರೂಪದ ಈ ಯುಕ್ತಿಯು ಅಲ್ಲಿಗೇ ಮುಗಿಯಿತು.

ಇದರಲ್ಲಿ ಒಂದು ಸ್ವಾರಸ್ಯವುಂಟು. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸನು 1810ರಲ್ಲಿ ಬಳ್ಳಾರಿಗೆ ಬಂದು ಸತ್ಯವೇದವನ್ನು ಕನ್ನಡಕ್ಕೆ ತರಲು ತೊಡಗಿದನು. ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೂ 1837ರಲ್ಲಿ ಧಾರವಾಡಕ್ಕೂ ಬಂದು ಕನ್ನಡದ ಕೆಲಸವನ್ನು ಮುಂದುವರಿಸಿದರು. ಈ ಪರಂಪರೆಯಲ್ಲಿ ಬಹುಕಾಲ ಬಳಕೆಯಲ್ಲಿದ್ದ ಹಳೆಯ ಅನುವಾದವು ಸೃಷ್ಟಿಯ ಪ್ರಕರಣದಲ್ಲಿ ‘ದೇವರು’ ಎಂದು ಬಹುವಚನದ ನಾಮಪದವನ್ನಿಟ್ಟು, ಕ್ರಿಯಾಪದವನ್ನು ‘ಮಾಡಿದನು’ ಎಂಬಂತೆ ಏಕವಚನದಲ್ಲಿ ಇರಿಸುವದು. ಹೊಸ ಅನುವಾದಗಳಲ್ಲಿ ಕೆಲವು ಗೌರವಾರ್ಥವಾಗಿ ಕ್ರಿಯಾಪದವನ್ನೂ ಬಹುವಚನದಲ್ಲಿ ಬರೆದಿವೆ. ಇವೆರಡನ್ನೂ ಓದಿದ ಕನ್ನಡಿಗನು, ಕ್ರೈಸ್ತನಾಗಲಿ ಅನ್ಯನಾಗಲಿ, ವ್ಯಾಕರಣದಿಂದ ಮೂವರನ್ನು ಎಣಿಸಿದ್ದಿಲ್ಲ. ಅಂದ ಮೇಲೆ ಕನ್ನಡದಲ್ಲಿ ಸಲ್ಲದ ಯುಕ್ತಿಯು ಹೀಬ್ರೂವಿನಲ್ಲಿ ಹೇಗೆ ಸಲ್ಲಬೇಕು?

ಭಾರತದಲ್ಲಿ ಈ ವಿವಾದವು ಹೊಸತಲ್ಲ. 1817ರಲ್ಲಿ ಕೇರಿಯ ಕನ್ನಡ ವ್ಯಾಕರಣವನ್ನು ಅಚ್ಚುಹಾಕಿದ ಶ್ರೀರಾಮಪುರದ ಮಿಷನ್ನಿನವರೇ ಕೆಲವು ವರುಷಗಳಲ್ಲಿ ಈ ವಿವಾದದಲ್ಲಿಯೂ ಒಂದು ಪಕ್ಷವಾದರು. ರಾಜಾ ರಾಮಮೋಹನ ರಾಯರು 1820ರಲ್ಲಿ ಯೇಸುವಿನ ಉಪದೇಶಗಳನ್ನು ಆರಿಸಿ ಒಂದು ಪುಸ್ತಕವನ್ನು ಪ್ರಕಟಿಸಿದಾಗ, ಆ ಮಿಷನ್ನಿನ ಜೋಶುವಾ ಮಾರ್ಷ್‌ಮನ್ನನು ಹಳೆಯ ಒಡಂಬಡಿಕೆಯ ವಚನಗಳನ್ನೇ ಮುಂದಿಟ್ಟು ಅವರನ್ನು ಎದುರಿಸಿದನು. ರಾಯರು ಹೀಬ್ರೂವನ್ನು ಅಭ್ಯಾಸಮಾಡಿ, 1820ರಿಂದ 1823ರವರೆಗೆ ಮೂರು ಉತ್ತರಗಳನ್ನು ಬರೆದು, ಏಷ್ಯದ ಭಾಷೆಗಳಲ್ಲಿ ಹಿರಿಮೆಗಾಗಿ ಬಹುವಚನವನ್ನು ಬಳಸುವ ರೂಢಿಯನ್ನು ಎತ್ತಿತೋರಿಸಿದರು. ಮೂರನೆಯ ಉತ್ತರವನ್ನು ಅಚ್ಚುಮಾಡಲು ಮಿಷನ್ನಿನ ಮುದ್ರಣಾಲಯವು ಒಪ್ಪದಿರಲು, ಅವರು ತಮ್ಮದೇ ಮುದ್ರಣಾಲಯವನ್ನು ಏರ್ಪಡಿಸಿಕೊಳ್ಳಬೇಕಾಯಿತು. ಮುದ್ರಣವನ್ನು ನಿರಾಕರಿಸಿದರೆ ಯುಕ್ತಿಯು ಬಿದ್ದುಹೋಗುವದಿಲ್ಲವೆಂಬದಕ್ಕೆ ಇದೊಂದು ನಿದರ್ಶನ.

ಎರಡನೆಯ ಆಧಾರವು ಮನುಷ್ಯನನ್ನು ನಿರ್ಮಿಸುವಾಗ ದೇವರು ‘ನಾವು’ ಎಂಬ ಭಾವದಿಂದ ಆಡಿದ ಮಾತು. ಆದರೆ ಮುಂದಿನ ವಾಕ್ಯವೇ ನಿರ್ಮಾಣಕಾರ್ಯವನ್ನು ಏಕವಚನದಲ್ಲಿ ಹೇಳುವದು. ಅರಸನು ಆಸ್ಥಾನದಲ್ಲಿ ಕುಳಿತು ಮಾತನಾಡುವಂತೆ ದೇವರು ಪರಲೋಕದ ಪರಿವಾರದ ನಡುವೆ ಮಾತನಾಡುವ ಚಿತ್ರವು ಅರಸುಗಳ ಮೊದಲನೆಯ ಗ್ರಂಥದ ಇಪ್ಪತ್ತೆರಡನೆಯ ಅಧ್ಯಾಯದಲ್ಲಿಯೂ ಯೋಬನ ಗ್ರಂಥದಲ್ಲಿಯೂ ಸ್ಪಷ್ಟವಾಗಿದೆ. ಹನ್ನೊಂದನೆಯ ಶತಮಾನದ ಯೆಹೂದ್ಯ ವ್ಯಾಖ್ಯಾನಕಾರನಾದ ರಾಶಿಯು, ದೇವರು ದೂತರೊಡನೆ ಆಲೋಚಿಸಿದ್ದು ಹಿರಿಯನು ಕಿರಿಯರನ್ನು ಕೇಳಬೇಕೆಂಬ ವಿನಯವನ್ನು ಕಲಿಸುವದಕ್ಕಾಗಿ ಎಂದನು. ಈ ಅರ್ಥವನ್ನು ಒಪ್ಪದಿದ್ದರೂ ‘ನಾವು’ ಎಂಬಲ್ಲಿ ಮೂವರೇ ಇದ್ದರೆಂದು ಹೇಳಲು ಯಾವ ಆಧಾರವಿದೆ? ಇಬ್ಬರೂ ‘ನಾವು’, ಇನ್ನೂರು ಮಂದಿಯೂ ‘ನಾವು’.

ಮೂರನೆಯದು ‘ಎಹಾದ್’ ಎಂಬ ಶಬ್ದದ ಯುಕ್ತಿ. ದೇವರು ಒಬ್ಬನೇ ಎಂದು ಯೆಹೂದ್ಯರು ನಿತ್ಯವೂ ಪಠಿಸುವ ಧರ್ಮೋಪದೇಶಕಾಂಡದ ವಾಕ್ಯದಲ್ಲಿ ಈ ಶಬ್ದವಿದೆ. ಅರಣ್ಯಕಾಂಡದಲ್ಲಿ ಒಂದು ದ್ರಾಕ್ಷಿಯ ಗೊನೆಗೂ ಇದೇ ಶಬ್ದವಿರುವದರಿಂದ, ಇದು ಹಲವು ಕೂಡಿದ ಒಂದನ್ನು ಸೂಚಿಸುವದೆಂದು ವಾದ. ದ್ರಾಕ್ಷಿಯನ್ನೂ ಜೋಳವನ್ನೂ ಬೆಳೆಯುವ ವಿಜಯಪುರ ಜಿಲ್ಲೆಯವರಿಗೆ ಇದನ್ನು ತಿಳಿಯಹೇಳಬೇಕೇ? ಒಂದು ತೆನೆಯೆಂದರೆ ಅದರಲ್ಲಿ ನೂರಾರು ಕಾಳುಗಳುಂಟು. ಒಂದು ಕಾಳೆಂದರೆ ಒಂದೇ. ಹಲವುತನವಿರುವದು ತೆನೆಯಲ್ಲಿಯೇ ಹೊರತು ‘ಒಂದು’ ಎಂಬ ಎಣಿಕೆಯಲ್ಲಿ ಅಲ್ಲ. ಪ್ರಸಂಗಿಯ ನಾಲ್ಕನೆಯ ಅಧ್ಯಾಯದಲ್ಲಿ ಮಗನಾಗಲಿ ಅಣ್ಣತಮ್ಮಂದಿರಾಗಲಿ ಇಲ್ಲದ ಒಂಟಿ ಮನುಷ್ಯನಿಗೂ ‘ಎಹಾದ್’ ಎಂಬ ಶಬ್ದವೇ ಇದೆ. ಅವನೊಳಗೆ ಇನ್ನಿಬ್ಬರನ್ನು ಯಾರೂ ಹುಡುಕಿದ್ದಿಲ್ಲ.

ಅಬ್ರಹಾಮನ ಗುಡಾರದ ಬಾಗಿಲಿಗೆ ಬಂದ ಮೂವರು ಅತಿಥಿಗಳ ಕಥೆಯನ್ನು ತೆಗೆದುಕೊಂಡರೆ ವ್ಯಾಖ್ಯಾನಕಾರರಲ್ಲಿಯೇ ಒಮ್ಮತವಿಲ್ಲ. ಎರಡನೆಯ ಶತಮಾನದ ಜಸ್ಟಿನನು ಅವರಲ್ಲಿ ಒಬ್ಬನನ್ನು ದೈವವೆಂದೂ ಇಬ್ಬರನ್ನು ದೂತರೆಂದೂ ಎಣಿಸಿದನು. ಅಗಸ್ಟೀನನು ಮೂವರಲ್ಲಿಯೂ ತ್ರಿಯೇಕದ ಛಾಯೆಯನ್ನು ಕಂಡನು. ಶಾಸ್ತ್ರವಾದರೋ ಮುಂದಿನ ಅಧ್ಯಾಯದ ಆರಂಭದಲ್ಲಿ, ಇಬ್ಬರು ದೂತರು ಸೊದೋಮಿಗೆ ಬಂದರೆಂದು ಹೇಳಿ ತನ್ನ ಅರ್ಥವನ್ನು ತಾನೇ ತಿಳಿಸುವದು. ಯೆಶಾಯನ ಗ್ರಂಥದ ‘ಪರಿಶುದ್ಧ’ ಎಂಬ ಮೂರಾವೃತ್ತಿಯೂ ಹೀಗೆಯೇ. ಯೆರೆಮೀಯನು ದೇವಾಲಯದ ಹೆಸರನ್ನೂ ಒಂದೆಡೆ ಮೂರು ಸಲ ಹೇಳಿದ್ದಾನೆ. ಅದರಿಂದ ಯೆರೂಸಲೇಮಿನಲ್ಲಿ ಮೂರು ದೇವಾಲಯಗಳು ಎದ್ದುನಿಲ್ಲಲಿಲ್ಲ.

ಪ್ರತಿಪಕ್ಷದ ಅತ್ಯಂತ ಬಲವಾದ ಮಾತನ್ನು ಮರೆಮಾಡುವದು ನ್ಯಾಯವಲ್ಲ. ಕರ್ತನ ದೂತನು ಕೆಲವೆಡೆ ಕರ್ತನೇ ಎಂಬಂತೆ ಮಾತನಾಡುವದೂ, ಜ್ಞಾನೋಕ್ತಿಗಳ ಎಂಟನೆಯ ಅಧ್ಯಾಯದಲ್ಲಿ ಜ್ಞಾನವು ದೇವರ ಬಳಿಯಲ್ಲಿದ್ದ ವ್ಯಕ್ತಿಯಂತೆ ನುಡಿಯುವದೂ ನಿಜ. ಪ್ರಾಚೀನ ಇಸ್ರಾಯೇಲರಲ್ಲಿ ಕೆಲವರು ಒಬ್ಬನೇ ದೇವರನ್ನು ಏಕಕಾಲದಲ್ಲಿ ಅನೇಕ ಶರೀರಗಳಲ್ಲಿ ಭಾವಿಸಿದ್ದರೆಂದು ಯೆಹೂದ್ಯ ವಿದ್ವಾಂಸರಾದ ಬೆಂಜಮಿನ್ ಸೊಮರ್ ಅವರೇ 2009ರಲ್ಲಿ ಒಂದು ಗ್ರಂಥವನ್ನು ಬರೆದಿರುವರು. ಆದರೆ ಇವುಗಳಿಂದ ದೊರೆಯುವದು ದೈವಭಾವನೆಯ ವೈವಿಧ್ಯವೇ ಹೊರತು, ಸಮಾನರಾದ, ಒಂದೇ ತತ್ತ್ವದ, ಮೂವರೇ ವ್ಯಕ್ತಿಗಳೆಂಬ ನಿರ್ಣಯವಲ್ಲ. ಜ್ಞಾನೋಕ್ತಿಗಳ ಅದೇ ಅಧ್ಯಾಯದಿಂದಲೇ ಏರಿಯಸನ ಪಕ್ಷದವರು ಮಗನು ಸೃಷ್ಟಿಸಲ್ಪಟ್ಟವನೆಂದು ಸಾಧಿಸಿದರು. ಆ ನಿರ್ಣಯಕ್ಕೆ 325ರ ನಿಕೇಯ ಸಭೆಯೂ 381ರ ಕಾನ್‌ಸ್ಟಾಂಟಿನೋಪಲ್ ಸಭೆಯೂ ಬೇಕಾದವು. ಹೊಲದಲ್ಲಿ ಮಣ್ಣಿತ್ತೆಂದ ಮಾತ್ರಕ್ಕೆ ಬೆಳೆಯೂ ಮೊದಲೇ ಇತ್ತೆಂದು ಹೇಳಲಾಗದು.

ಕ್ರೈಸ್ತ ಆಚಾರ್ಯರಲ್ಲಿಯೂ ಇದನ್ನು ಅರಿತವರಿದ್ದರು. ಕಾಲ್ವಿನನು 1554ರ ತನ್ನ ಆದಿಕಾಂಡದ ವ್ಯಾಖ್ಯಾನದಲ್ಲಿ ‘ನಾವು’ ಎಂಬ ಮಾತಿಗೆ ಬೆಲೆಗೊಟ್ಟರೂ, ಎಲೋಹೀಮ್ ಶಬ್ದದ ಬಹುವಚನದಿಂದ ತ್ರಿಯೇಕವನ್ನು ಸಾಧಿಸುವದು ದುರ್ಬಲವಾದ ಪ್ರಮಾಣವೆಂದು ಎಚ್ಚರಿಸಿದನು. ಯೇಸುವಿನಲ್ಲಿ ತಮಗಾದ ಅನುಭವದಿಂದ ಈ ತತ್ತ್ವಕ್ಕೆ ಬಂದೆವೆಂದು ಕ್ರೈಸ್ತರು ಹೇಳಿದರೆ ಅದು ನೇರವಾದ ಮಾತು; ಅದನ್ನು ಯಾರೂ ಹಳಿಯಲಾರರು. ಆದರೆ ಅದನ್ನು ಪರರ ಶಾಸ್ತ್ರದಲ್ಲಿ ಹುದುಗಿಸಿ, ಆ ಶಾಸ್ತ್ರವನ್ನು ಸಾವಿರಾರು ವರುಷ ಕಾಪಾಡಿ ಬಂದ ಜನರನ್ನೇ ಕುರುಡರೆಂದು ಕರೆಯುವದು ಅನ್ಯಾಯ. ಆ ನಿಂದೆಯನ್ನು ಯೆಹೂದ್ಯರು ಯುರೋಪಿನಲ್ಲಿ ಶತಮಾನಗಳವರೆಗೆ ಹೊತ್ತರು. ಕೆಲವು ಹಳೆಯ ಚರ್ಚುಗಳ ಹೊರಗೋಡೆಗಳಲ್ಲಿ ಯೆಹೂದ್ಯಮತವನ್ನು ಕಣ್ಣಿಗೆ ಬಟ್ಟೆ ಕಟ್ಟಿದ ಹೆಂಗಸಿನ ವಿಗ್ರಹವಾಗಿ ಕಡೆದಿಟ್ಟಿರುವದನ್ನು ಇಂದಿಗೂ ಕಾಣಬಹುದು.

ಈ ದೋಷವು ಪರರ ಮನೆಯದು ಮಾತ್ರವೆಂದು ಕನ್ನಡಿಗರು ನಿಶ್ಚಿಂತರಾಗಿರಲಾಗದು. ಋಗ್ವೇದದ ಒಂಬತ್ತನೆಯ ಮಂಡಲದಲ್ಲಿ ಸೋಮರಸವನ್ನು ಸೋಸುವ ಉಣ್ಣೆಯ ಜರಡಿಗೆ ‘ಪವಿತ್ರ’ವೆಂಬ ಹೆಸರಿದ್ದರೆ, ಅದನ್ನು ಇಷ್ಟಲಿಂಗವೆಂದು ವ್ಯಾಖ್ಯಾನಿಸಿದ ಪಂಡಿತರು ಈ ನಾಡಿನಲ್ಲಿಯೂ ಆಗಿಹೋದರು. ಲಿಂಗಧಾರಣೆಯ ಮಹಿಮೆಗೆ ಆ ಜರಡಿಯ ಸಾಕ್ಷಿ ಬೇಕಾಗಿತ್ತೇ? ವಿಜಯಪುರದಲ್ಲಿ ಬಾಳಿದ ಫ. ಗು. ಹಳಕಟ್ಟಿಯವರು ತಾಳೆಯೋಲೆಗಳನ್ನು ಅರಸಿ ಕೂಡಿಸಿ, 1923ರಲ್ಲಿ ವಚನಶಾಸ್ತ್ರಸಾರದ ಮೊದಲನೆಯ ಭಾಗವನ್ನು ಪ್ರಕಟಿಸಿದಾಗ, ಶರಣರ ಮಾತನ್ನು ಶರಣರ ಬಾಯಿಂದಲೇ ಕೇಳುವ ಅವಕಾಶವು ಓದುಬಲ್ಲ ಮನೆಗಳಿಗೆಲ್ಲ ದೊರೆಯಿತು. ಕನ್ನಡಿಗರು ತಮ್ಮ ವಚನಗಳಿಗಾಗಿ ಬಯಸಿದ ಈ ನ್ಯಾಯವನ್ನೇ ಯೆಹೂದ್ಯರು ತಮ್ಮ ಶಾಸ್ತ್ರಕ್ಕಾಗಿ ಬಯಸುವರು. ಅದನ್ನು ಅವರಿಗೆ ಸಲ್ಲಿಸುವದರಿಂದ ಯಾವ ಕ್ರೈಸ್ತನ ಭಕ್ತಿಯೂ ಕುಂದುವದಿಲ್ಲ.