“ಏನ್ ಕೆಲಸ ಮಾಡ್ತೀರಿ?” ಆಸ್ಪತ್ರೆಯಲ್ಲಿ ಯಾರೂ ಕೇಳದ ಪ್ರಶ್ನೆ

ದೇಹದೊಳಗಿನ ವಿಷ | ಕಂತು 4: ಸೀಸ

ಬಿಟ್ಟು ಬಿಟ್ಟು ಬರೋ ಹೊಟ್ಟೆನೋವು. ಮಲಬದ್ಧತೆ. ಸುಸ್ತು. ರಕ್ತ ಕಡಿಮೆ.

ಇಂಥ ರೋಗಿಗೆ ಮೊದಲು ಗ್ಯಾಸ್ಟ್ರಿಕ್ ಮಾತ್ರೆ, ಆಮೇಲೆ ಕಬ್ಬಿಣದ ಮಾತ್ರೆ, ಆಮೇಲೆ ಸ್ಕ್ಯಾನಿಂಗ್, ಎಂಡೋಸ್ಕೋಪಿ. ರಿಪೋರ್ಟ್ ಎಲ್ಲಾ ನಾರ್ಮಲ್. ಕೊನೆಗೆ “ಟೆನ್ಶನ್ ಮಾಡ್ಕೋಬೇಡಿ” ಅನ್ನೋ ಸಲಹೆ.

ಆತ ಹಳೇ ಬ್ಯಾಟರಿ ಒಡೆದು ಸೀಸ ಕರಗಿಸೋ ಕೆಲಸದವನು ಅಂತ ಇಟ್ಕೊಳ್ಳಿ. ಅದನ್ನ ಯಾರೂ ಕೇಳಲಿಲ್ಲ. ಹೇಳ್ಬೇಕು ಅಂತ ಅವನಿಗೂ ಗೊತ್ತಿಲ್ಲ.

ಸೀಸದ ವಿಷ ತಡವಾಗಿ ಗೊತ್ತಾಗೋದಕ್ಕೆ ದೊಡ್ಡ ಕಾರಣ ಮಷೀನ್ ಇಲ್ಲದಿರೋದಲ್ಲ, ಪ್ರಶ್ನೆ ಇಲ್ಲದಿರೋದು ಅಂತ ನನ್ನ ವಾದ. ಮಾಮೂಲಿ ರಕ್ತಪರೀಕ್ಷೆಯಲ್ಲಿ ಸೀಸ ನೋಡೋದಿಲ್ಲ. ಡಾಕ್ಟರ್ ಅದನ್ನ ಬೇರೆಯಾಗಿ ಬರೀಬೇಕು. ಬರೀಬೇಕಾದ್ರೆ ಮೊದಲು ಅನುಮಾನ ಬರಬೇಕು. “ನಿಮ್ಮ ಕೆಲಸ ಏನು ಅಂತ ರೋಗಿಯನ್ನು ಕೇಳಿ” ಎಂದು ಇಟಲಿಯ ವೈದ್ಯ ರಾಮಝಿನಿ ಹೇಳಿದ್ದು 1700ರಲ್ಲಿ!

⏳ ತಡವಾದ್ರೆ ಏನಾಗುತ್ತೆ?

ರಕ್ತದಲ್ಲಿರೋ ಸೀಸ ಸುಮಾರು ಒಂದು ತಿಂಗಳಲ್ಲಿ ಅರ್ಧಕ್ಕಿಳಿಯುತ್ತೆ. ಮೂಳೆ ಸೇರಿದ್ದು ದಶಕಗಟ್ಟಲೆ ಅಲ್ಲೇ ಕೂರುತ್ತೆ. ನರ ಸೋತು ಮಣಿಕಟ್ಟು ಜೋತುಬೀಳಬಹುದು, ಕಿಡ್ನಿ ಹಾಳಾಗಬಹುದು.

ಮಕ್ಕಳ ವಿಷಯ ಇನ್ನೂ ಕಠೋರ. ಅಮೆರಿಕದಲ್ಲಿ 780 ಮಕ್ಕಳ ಮೇಲೆ ನಡೆದ ಅಧ್ಯಯನವೊಂದು 2001ರಲ್ಲಿ ಪ್ರಕಟವಾಯ್ತು. ಔಷಧಿಯಿಂದ ರಕ್ತದ ಸೀಸ ಇಳಿಯಿತು. ಆದ್ರೆ ಬುದ್ಧಿ, ನಡವಳಿಕೆಯ ಪರೀಕ್ಷೆಗಳಲ್ಲಿ ಔಷಧಿ ತಗೊಂಡ ಮಕ್ಕಳು ತಗೊಳ್ಳದವರಿಗಿಂತ ಮುಂದೆ ಬರಲಿಲ್ಲ. ವಿಷ ತೀರಾ ಏರಿದಾಗ ಔಷಧಿ ಜೀವ ಉಳಿಸಬಹುದು, ಕಳೆದುಹೋದ ಬುದ್ಧಿಶಕ್ತಿಯನ್ನ ವಾಪಸ್ ಕೊಡಲ್ಲ. (ಡಿಟಾಕ್ಸ್ ಜ್ಯೂಸ್ ಅಂತೂ ಎರಡನ್ನೂ ಮಾಡಲ್ಲ.)

ಪೆಟ್ರೋಲ್‌ನಿಂದ ಸೀಸ 2000ದ ಹೊತ್ತಿಗೆ ಹೋಯ್ತು. ಪೇಂಟ್‌ಗೆ 90 ಪಿಪಿಎಂ ಮಿತಿ 2017ರ ನವೆಂಬರ್‌ನಿಂದ ಜಾರಿಗೆ ಬಂತು. ಅಲ್ಲಿಗೆ ಕಥೆ ಮುಗೀತು ಅಂದ್ಕೊಂಡ್ವಿ. ಆದ್ರೆ ಹಳೇ ಗೋಡೆಯ ಬಣ್ಣ ಉದುರ್ತಾನೇ ಇದೆ. ಕಲಬೆರಕೆ ಅರಿಶಿನದಲ್ಲಿ, ಕೆಲವು ಕುಂಕುಮ-ಸಿಂಧೂರದಲ್ಲಿ ಸೀಸ ಸಿಕ್ಕಿದೆ. ನಾಗಭಸ್ಮ ತಯಾರಾಗೋದೇ ಸೀಸದಿಂದ.

ಡಾಕ್ಟರನ್ನೇ ಬೈದು ಪ್ರಯೋಜನ ಇಲ್ಲ. ಹೊರಗೆ ನೂರು ಜನ ಕಾಯ್ತಿರುವಾಗ ಎರಡು ನಿಮಿಷದಲ್ಲಿ ಅವರು ತಾನೇ ಎಷ್ಟು ಕೇಳಿಯಾರು? ಅದಕ್ಕೇ ಈ ಪ್ರಶ್ನೆ ಅವರ ನೆನಪಿನ ಮೇಲೆ ನಿಲ್ಲಬಾರದು. ಓಪಿಡಿ ಚೀಟಿಯಲ್ಲಿ ಹೆಸರು, ವಯಸ್ಸಿನ ಪಕ್ಕ “ಕೆಲಸ” ಅನ್ನೋ ಒಂದು ಗೆರೆ ಇರಲಿ. ಪ್ರತಿ ಜಿಲ್ಲಾಸ್ಪತ್ರೆಯಲ್ಲೂ ಸೀಸದ ಪರೀಕ್ಷೆ ಉಚಿತವಾಗಿ ಸಿಗಲಿ. ಡೆಸಿಲೀಟರ್ ರಕ್ತಕ್ಕೆ 5 ಮೈಕ್ರೋಗ್ರಾಂ ಮುಟ್ಟಿದ್ರೇ ಮೂಲ ಹುಡುಕಿ ನಿಲ್ಲಿಸಿ ಅನ್ನುತ್ತೆ ವಿಶ್ವ ಆರೋಗ್ಯ ಸಂಸ್ಥೆ. ಪರೀಕ್ಷೆಯೇ ಮಾಡದಿದ್ರೆ ಮೂಲ ಹುಡುಕೋದು ಹೇಗೆ?

ಅಲ್ಲಿವರೆಗೆ, ಕಾರಣ ಸಿಗದ ಹೊಟ್ಟೆನೋವು, ರಕ್ತಹೀನತೆ ನಿಮ್ಮ ಮನೇಲಿ ಯಾರಿಗಾದ್ರೂ ಇದ್ರೆ ಕೇಳೋವರೆಗೂ ಕಾಯ್ಬೇಡಿ, ನೀವೇ ಹೇಳಿ:

👉 ಏನು ಕೆಲಸ ಮಾಡ್ತಾರೆ (ಬ್ಯಾಟರಿ, ಪೇಂಟಿಂಗ್, ಬೆಸುಗೆ, ಗುಜರಿ)
👉 ಯಾವ ಭಸ್ಮ, ಪುಡಿ, ನಾಟಿ ಔಷಧಿ ತಗೊಳ್ತಿದ್ದಾರೆ
👉 ಮನೇಲಿ ಇನ್ಯಾರಿಗೆ, ಮುಖ್ಯವಾಗಿ ಮಕ್ಕಳಿಗೆ, ಇದೇ ತೊಂದರೆ ಇದೆಯಾ

ಆಮೇಲೆ ಸಂಕೋಚ ಇಲ್ಲದೆ ಕೇಳಿ: “ಡಾಕ್ಟ್ರೇ, ಸೀಸದ ಪರೀಕ್ಷೆ ಒಂದು ಮಾಡಿಸೋಣ್ವಾ?”

ಗುಜರಿ ಅಂಗಡಿ, ಬ್ಯಾಟರಿ ವರ್ಕ್‌ಶಾಪ್‌ನಲ್ಲಿ ಕೆಲಸ ಮಾಡೋರು ಗೊತ್ತಿದ್ರೆ ಇದನ್ನ ಅವರಿಗೇ ಕಳಿಸಿ. ಇನ್‌ಸ್ಟಾ ಇಲ್ಲದಿದ್ರೆ ಓದಿ ಹೇಳಿ. 🙏

#ಸೀಸದವಿಷ #ಕಾರ್ಮಿಕರಆರೋಗ್ಯ #ಮಕ್ಕಳಆರೋಗ್ಯ #ಕನ್ನಡದಲ್ಲಿಆರೋಗ್ಯ