ಮದ್ದಿನ ಅಳತೆ

ಕಲಬುರಗಿಯ ಕೋಟೆಯೊಳಗೆ ಇಪ್ಪತ್ತೊಂಬತ್ತು ಅಡಿ ಉದ್ದದ ತೋಪೊಂದು ಇಂದಿಗೂ ಮಲಗಿದೆ. ರಜೆಯ ದಿನ ಅದರ ಎದುರು ನಿಂತ ಬಾಲಕನೊಬ್ಬನು ನಳಿಗೆಯನ್ನು ಬಾಯಿಯಿಂದ ಬುಡದವರೆಗೆ ಹೆಜ್ಜೆಯಿಟ್ಟು ಅಳೆದು, ಜೊತೆಯಲ್ಲಿದ್ದ ಅಜ್ಜನನ್ನು ಕೇಳಿದನು: “ಮುತ್ಯಾ, ಇಷ್ಟು ದೊಡ್ಡ ತೋಪಿಗೆ ಎಷ್ಟು ಮದ್ದು ಹಾಕತಿದ್ರು?”

“ತೋಪು ಒಡೀದಷ್ಟು, ತಮ್ಮಾ” ಎಂದರು ಮುತ್ಯಾ.

ಹುಡುಗನಿಗೆ ಇದು ಹಾಸ್ಯವೆನಿಸಿತು. ಆದರೆ ಫಿರಂಗಿ ವಿದ್ಯೆಯ ಸಾರವೆಲ್ಲ ಆ ಎರಡು ಮಾತಿನಲ್ಲಿಯೇ ಅಡಗಿದೆಯೆಂಬುದನ್ನು ವಾಚಕರು ಒಪ್ಪದಿರಲಾರರು. ಮದ್ದು ಉರಿದಾಗ ಕ್ಷಣಾರ್ಧದಲ್ಲಿ ಅನಿಲವಾಗಿ ಹಿಗ್ಗುತ್ತದೆ. ಆ ಅನಿಲಕ್ಕೆ ಗುಂಡನ್ನು ಮುಂದಕ್ಕೆ ದೂಡುವುದೊಂದು ದಾರಿ, ನಳಿಗೆಯನ್ನು ಸೀಳುವುದು ಇನ್ನೊಂದು ದಾರಿ. ಮದ್ದು ಇಮ್ಮಡಿಯಾದರೆ ಗುಂಡು ಇಮ್ಮಡಿ ದೂರ ಹೋಗುವುದೆಂಬುದು ಕೇವಲ ಭ್ರಮೆ. ಗುಂಡಿಗಿಂತ ಮೊದಲು ಒತ್ತಡವೇ ಮೇರೆ ಮೀರಿ ಏರುತ್ತದೆ. ಕಾಳು ಸಣ್ಣದಾದಷ್ಟೂ ಮದ್ದು ಬೇಗ ಉರಿಯುವುದರಿಂದ, ತೂಕ ಒಂದೇ ಆದರೂ ನುಣ್ಣನೆಯ ಮದ್ದು ದೊಡ್ಡ ತೋಪಿಗೆ ಮೃತ್ಯುವಾಗಬಲ್ಲುದು.

ಈ ಲೆಕ್ಕ ತಪ್ಪಿದವರಲ್ಲಿ ರಾಜರೂ ಉಂಟು. 1460ರಲ್ಲಿ ರಾಕ್ಸ್‌ಬರೋ ಕೋಟೆಯ ಮುತ್ತಿಗೆಯ ಸಮಯದಲ್ಲಿ ಸ್ಕಾಟ್ಲೆಂಡಿನ ದೊರೆ ಎರಡನೆಯ ಜೇಮ್ಸನು ತನ್ನದೇ ತೋಪು ಒಡೆದು ಮಡಿದನು. 1844ರ ಫೆಬ್ರವರಿ 28ರಂದು ಅಮೆರಿಕದ ‘ಪ್ರಿನ್ಸ್‌ಟನ್’ ಎಂಬ ಯುದ್ಧನೌಕೆಯ ಮೇಲೆ ‘ಪೀಸ್‌ಮೇಕರ್’ ಎಂಬ ತೋಪು ಸಿಡಿದು, ಆ ದೇಶದ ಇಬ್ಬರು ಮಂತ್ರಿಗಳೂ ಸೇರಿ ಆರು ಮಂದಿ ತೀರಿಕೊಂಡರು. ಶಾಂತಿಕರ್ತನೆಂಬ ಹೆಸರನ್ನು ತೋಪಿಗೆ ಇಟ್ಟವರ ರಸಿಕತೆಗೆ ಏನೆನ್ನೋಣ! ಇದಕ್ಕಿಂತ ಹೆಚ್ಚಿನ ಮದ್ದನ್ನು ಆ ತೋಪು ಪರೀಕ್ಷೆಯ ಕಾಲದಲ್ಲಿ ತಾಳಿಕೊಂಡಿತ್ತೆಂಬುದೇ ಇಲ್ಲಿಯ ವಿಚಿತ್ರ. ನಿನ್ನೆ ತಾಳಿದ ಲೋಹ ಇಂದೂ ತಾಳುವುದೆಂದು ಯಾರು ಭರವಸೆ ಕೊಡಬಲ್ಲರು? ವಿಜಾಪುರದ ಮಲಿಕ್-ಎ-ಮೈದಾನದ ತೋಪುಗಾರನು ಬತ್ತಿ ಹಚ್ಚಿದೊಡನೆ ಪಕ್ಕದ ನೀರಿನ ತೊಟ್ಟಿಯಲ್ಲಿ ಮುಳುಗುತ್ತಿದ್ದನೆಂದು ಜನ ಹೇಳುತ್ತಾರೆ. 1549ರಲ್ಲಿ ಎರಕ ಹೊಯ್ದ, ಸುಮಾರು 55 ಟನ್ ತೂಕದ ಆ ತೋಪಿನ ಬಳಿ ನಿಂತವನಿಗೆ ಅದು ಅತಿಯಾದ ಎಚ್ಚರಿಕೆಯೆಂದು ತೋರಲಾರದು.

ಇಂದಿನ ಪಿಸ್ತೂಲಿನ ಅಂಗೈಯಗಲದ ಪ್ರಪಂಚದಲ್ಲಿಯೂ ಕಥೆ ಇದೇ. ಸೀಸದ ಗುಂಡಿಗೆ ತಾಮ್ರದ ತೆಳುಲೇಪ ಕೊಟ್ಟು ತೋಟಾ ತುಂಬುವ ವಿದೇಶದ ಹವ್ಯಾಸಿಗಳು, ತಯಾರಕರು ಅಚ್ಚು ಹಾಕಿಸಿದ ಕೋಷ್ಟಕದ ಕೆಳಗಿನ ಅಂಕೆಯಿಂದ ಆರಂಭಿಸಿ, ಒಂದೊಂದು ಈಡನ್ನೂ ತೂಗಿ ನೋಡುತ್ತಾರೆ. ವೇಗ ಹೆಚ್ಚಾದರೆ ಆ ತೆಳುಲೇಪ ಹರಿಯುತ್ತದೆ. ಹಾಗೆಂದು ಮದ್ದನ್ನು ಮನಬಂದಂತೆ ಇಳಿಸುವುದೂ ಕ್ಷೇಮವಲ್ಲ. ಗುಂಡು ನಳಿಗೆಯ ನಡುವೆಯೇ ಸಿಕ್ಕಿಕೊಂಡರೆ, ಅದನ್ನರಿಯದೆ ಹಾರಿಸಿದ ಮರು ಈಡು ನಳಿಗೆಯನ್ನೇ ಸಿಡಿಸೀತು. ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯಿದೆಯ ಪ್ರಕಾರ ಪರವಾನಗಿಯಿಲ್ಲದೆ ಮದ್ದುಗುಂಡು ತಯಾರಿಸುವಂತಿಲ್ಲ. ಬೆಳೆ ಕಾಯುವ ರೈತನು ಬಾಯಿಯಿಂದ ಮದ್ದು ತುಂಬುವ ಕೋವಿಗೆ ಪರವಾನಗಿ ಪಡೆಯಲು ಅದೇ ಕಾಯಿದೆಯಲ್ಲಿ ಅವಕಾಶವುಂಟು.

ಕೋಟೆ ನೋಡಿದ ಮುತ್ಯಾನೂ ಮೊಮ್ಮಗನೂ ಆ ಸಂಜೆ ಹುಮನಾಬಾದ್ ರಸ್ತೆಯ ಬಸ್ಸು ಹತ್ತಿ, ಕೆಂಪು ಬಾಳೆಗೆ ಹೆಸರಾದ ಕಮಲಾಪುರಕ್ಕೆ ಮಗಳ ಮನೆಗೆ ಹೋದರು. ಅಳಿಯನಲ್ಲಿ ಅಂತಹದೊಂದು ಕೋವಿ ಇತ್ತು. ಹಂದಿಗಳನ್ನು ಸದ್ದಿನಿಂದ ಬೆದರಿಸುವುದಷ್ಟೇ ಅದರ ಕೆಲಸ. ಆದರೆ ಅಂದು ಕಪ್ಪು ಮದ್ದು ತೀರಿತ್ತು. ನೆರೆಯವನೊಬ್ಬನು ಹಳೆಯ ತೋಟಾಗಳನ್ನು ಬಿಚ್ಚಿ, ಬೂದು ಬಣ್ಣದ ಕಾಳುಗಳನ್ನು ಕಾಗದದಲ್ಲಿ ಕಟ್ಟಿ ತಂದುಕೊಟ್ಟಿದ್ದನು.

“ಇದು ಭಾಳ ಜೋರ್ ಅದ ಅಂತ್ರಿ ಮಾಮಾ. ಅದೇ ಅಳತಿ ಹಾಕಿದ್ರ ಸಾಕಂತ” ಎಂದನು ಅಳಿಯ.

ಮುತ್ಯಾ ಪೊಟ್ಟಣವನ್ನು ದೀಪದ ಬಳಿ ಬಿಚ್ಚಲಿಲ್ಲ. ಅಂಗಳಕ್ಕೆ ಒಯ್ದು ನೋಡಿದರು. ಅದು 1884ರಲ್ಲಿ ಫ್ರಾನ್ಸಿನ ಪಾಲ್ ವಿಯೇಲ್ ಎಂಬಾತನು ಸಿದ್ಧಪಡಿಸಿದ ಹೊಗೆಯಿಲ್ಲದ ಮದ್ದಿನ ಸಂತತಿ. ಕಪ್ಪು ಮದ್ದಿಗೆಂದು ಮಾಡಿದ ಹಳೆಯ ನಳಿಗೆಗೆ ಅದನ್ನು ಅದೇ ಅಳತೆಯಲ್ಲಿ ತುಂಬಿ ಜಡಿದರೆ, ಎಷ್ಟೋ ಪಾಲು ಮಿಗಿಲಾದ ಒತ್ತಡವೆದ್ದು, ಹಿಡಿದವನ ಕೈಯಲ್ಲಿಯೇ ಕೋವಿ ಸೀಳಬಹುದು.

“ಅರ್ಧ ಅಳತಿ ಹಾಕಿದ್ರ?”

“ಈ ಕೋವಿಗೆ ಇದರ ಅಳತಿ ಅನ್ನೋದೇ ಇಲ್ಲಪ್ಪಾ.”

ಮಗಳು ಏನೂ ಮಾತಾಡದೆ ಗಂಡನ ಕೈಯಿಂದ ಕೋವಿಯನ್ನು ತೆಗೆದುಕೊಂಡು ಒಳಗಿಟ್ಟು ಬಂದಳು. ಆ ರಾತ್ರಿ ಮಾವ ಅಳಿಯಂದಿರಿಬ್ಬರೂ ಎಣ್ಣೆಯ ಡಬ್ಬಿ ಬಡಿಯುತ್ತ ತೋಟದಲ್ಲಿ ಬೆಳಗು ಮಾಡಿದರು. ಹುಡುಗನೂ ಒಂದು ಜಾವದವರೆಗೆ ಬಡಿದು, ಕಂಬಳಿಯ ಮೇಲೆ ನಿದ್ದೆಹೋದನು. ಹಂದಿಗಳು ಮೂಡಣ ಬದಿಯಿಂದ ನುಗ್ಗಿ ಎರಡು ಸಾಲು ಬಾಳೆಯನ್ನು ಕೆಡವಿ ಹೋದವು.